ನೆನಪಿಗೊಂದು ತೇಪೆ: ಹಳೆಯ ಲ್ಯಾಪ್‌ಟಾಪ್‌ಗಳೂ ಫ್ಲಾಶ್ ಕಾರ್ಡುಗಳೂ

ಗಣಕಯಂತ್ರದ ಪರಿಭಾಷೆಯಲ್ಲಿ ‘ಮೆಮೊರಿ’ ಎಂಬ ಶಬ್ದದಷ್ಟು ಗೊಂದಲವನ್ನು ಹುಟ್ಟಿಸಿದ ಶಬ್ದ ಇನ್ನೊಂದಿರಲಾರದು. ಹಳೆಯ ಲ್ಯಾಪ್‌ಟಾಪ್ ಒಂದು ಮನೆಯಲ್ಲಿ ಬಿದ್ದಿದೆ, ತೀರ ನಿಧಾನವಾಗಿದೆ, ಕ್ಯಾಮರಾದ ಮೆಮೊರಿ ಕಾರ್ಡನ್ನು ಅದರ ಪಕ್ಕದ ಸಂದಿಯಲ್ಲಿ ಸಿಕ್ಕಿಸಿದರೆ ಅದರ ಮೆಮೊರಿ ಹೆಚ್ಚುವುದಿಲ್ಲವೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಹಲವು ಸಲ ಕೇಳಿದ್ದಾರೆ. ಇದು ನಗುವಂಥ ಪ್ರಶ್ನೆಯಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯೇ 2007ರಲ್ಲಿ ಈ ಪ್ರಶ್ನೆಗೆ ‘ಹೌದು’ ಎಂಬರ್ಥದ ಉತ್ತರವನ್ನು ಕೊಟ್ಟಿತ್ತು. ಆ ಉತ್ತರದಲ್ಲಿ ನಿಜವೆಷ್ಟು, ಸಮಾಧಾನದ ಮಾತೆಷ್ಟು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಎರಡು ಬಗೆಯ ನೆನಪನ್ನು ಬೇರ್ಪಡಿಸೋಣ. ತರಗತಿಯ ಕರಿಹಲಗೆ ಒಂದು, ಮೂಲೆಯ ಬೀರು ಇನ್ನೊಂದು. ಪಾಠ ನಡೆಯುವಾಗ ಬೇಕಾದುದೆಲ್ಲ ಹಲಗೆಯ ಮೇಲಿರುತ್ತದೆ, ಗಂಟೆ ಬಾರಿಸಿದ ಮೇಲೆ ಅಳಿಸಿಹೋಗುತ್ತದೆ. ಬೀರುವಿನಲ್ಲಿರುವ ಪುಸ್ತಕಗಳು ಬೀಗ ಹಾಕಿದ ಮೇಲೂ ಉಳಿಯುತ್ತವೆ, ಆದರೆ ಪ್ರತಿಸಲವೂ ಎದ್ದುಹೋಗಿ ತರಬೇಕು. ಗಣಕದ ರ‍್ಯಾಮ್ ಕರಿಹಲಗೆ, ಹಾರ್ಡ್ ಡಿಸ್ಕ್ ಬೀರು. ಹಲಗೆ ಚಿಕ್ಕದಾದಾಗ ಏನಾಗುತ್ತದೆ? ಬರೆದುದರಲ್ಲಿ ಸ್ವಲ್ಪವನ್ನು ಕಾಗದಕ್ಕೆ ಇಳಿಸಿಕೊಂಡು, ಅದನ್ನು ಬೀರುವಿನಲ್ಲಿಟ್ಟು, ಹಲಗೆಯಲ್ಲಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಗಣಕವೂ ಹೀಗೆಯೇ ಮಾಡುತ್ತದೆ. ಇದಕ್ಕೆ ವಿಂಡೋಸ್‌ನಲ್ಲಿ ಪೇಜಿಂಗ್ ಎಂದೂ ಲಿನಕ್ಸ್‌ನಲ್ಲಿ ಸ್ವಾಪ್ ಎಂದೂ ಹೆಸರು. ಹಳೆಯ ಲ್ಯಾಪ್‌ಟಾಪ್ ಕರಕರ ಸದ್ದು ಮಾಡುತ್ತ, ದೀಪ ಮಿಟುಕಿಸುತ್ತ, ಒಂದು ಕಿಟಕಿಯನ್ನು ತೆರೆಯಲು ಅರ್ಧ ನಿಮಿಷ ತೆಗೆದುಕೊಳ್ಳುವುದು ಬಹುಮಟ್ಟಿಗೆ ಈ ಓಡಾಟದಿಂದಲೇ.

ಹಲಗೆಯೂ ಅಲ್ಲದ, ಹಳೆಯ ಬೀರುವೂ ಅಲ್ಲದ ಮೂರನೆಯ ವಸ್ತುವನ್ನು ಕೊಟ್ಟವರು ಜಪಾನಿನ ತೋಷಿಬಾ ಸಂಸ್ಥೆಯ ಇಂಜಿನಿಯರ್ ಫುಜಿಯೊ ಮಸುವೊಕ. ಅದಕ್ಕೂ ಮೊದಲು, 1967ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಜೀ ಎಂಬ ಇಬ್ಬರು ವಿದ್ಯುತ್ ನಿರೋಧಕದ ಪದರಗಳ ನಡುವೆ ಎಲೆಕ್ಟ್ರಾನ್‌ಗಳನ್ನು ಸೆರೆಹಿಡಿದಿಡುವ ಉಪಾಯವನ್ನು ಕಂಡುಹಿಡಿದಿದ್ದರು. ಸಾಮಾನ್ಯ ರ‍್ಯಾಮ್‌ನಲ್ಲಿ ವಿದ್ಯುದಂಶ ಸದಾ ಸೋರುತ್ತಿರುತ್ತದೆ. ಆದ್ದರಿಂದ ಅದು ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚಾಗಿ ತನ್ನನ್ನು ತಾನೇ ಓದಿಕೊಂಡು ಮತ್ತೆ ಬರೆದುಕೊಳ್ಳುತ್ತಿರಬೇಕು. (ಮಗ್ಗಿಯನ್ನು ಮರೆಯದಿರಲು ದಾರಿಯುದ್ದಕ್ಕೂ ಗುನುಗುತ್ತ ಬರುವ ಹುಡುಗನಂತೆ!) ಸೆರೆಯಾದ ಎಲೆಕ್ಟ್ರಾನ್‌ಗಳಿಗೆ ಈ ಕಷ್ಟವಿಲ್ಲ, ವಿದ್ಯುತ್ತು ಹೋದರೂ ಅವು ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ. ಮಸುವೊಕ ಅವರ ಹೆಚ್ಚುಗಾರಿಕೆಯೆಂದರೆ, ಇಂಥ ಕೋಶಗಳ ದೊಡ್ಡ ಗುಂಪನ್ನೇ ಒಂದೇ ಏಟಿಗೆ ಅಳಿಸುವಂತೆ ಮಾಡಿ, ಪ್ರತಿ ಕೋಶವನ್ನೂ ಚಿಕ್ಕದಾಗಿಸಿ ಅಗ್ಗವಾಗಿಸಿದ್ದು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ಅಳಿಸುವ ವೇಗ ಕ್ಯಾಮರಾದ ಮಿಂಚನ್ನು ನೆನಪಿಸುತ್ತದೆಂದು ‘ಫ್ಲಾಶ್’ ಎಂಬ ಹೆಸರನ್ನು ಸೂಚಿಸಿದವರು ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿ. ಇಂದಿನ ಎಲ್ಲ ಕಾರ್ಡುಗಳಲ್ಲಿರುವ ‘ನ್ಯಾಂಡ್’ ಎಂಬ ಬಗೆಯನ್ನು ಮಸುವೊಕ ಅವರೇ 1987ರಲ್ಲಿ ಪ್ರಕಟಿಸಿದರು.

ಇಷ್ಟು ಮಾಡಿದ ಮನುಷ್ಯನಿಗೆ ಸಂದ ಪ್ರತಿಫಲದ ಕಥೆ ಅಷ್ಟು ಸಂತೋಷದ್ದಲ್ಲ. ಅವರು 1994ರಲ್ಲಿ ತೋಷಿಬಾ ಬಿಟ್ಟು ತಾವು ಓದಿದ ತೊಹೊಕು ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. 2004ರಲ್ಲಿ, ತಮ್ಮ ಸಂಶೋಧನೆಗೆ ತಕ್ಕ ಪಾಲು ಬರಲಿಲ್ಲವೆಂದು ನೂರು ಕೋಟಿ ಯೆನ್ ಕೋರಿ ನ್ಯಾಯಾಲಯಕ್ಕೆ ಹೋದರು. 2006ರಲ್ಲಿ 8 ಕೋಟಿ 70 ಲಕ್ಷ ಯೆನ್‌ಗೆ ರಾಜಿಯಾಯಿತು. ಕೇಳಿದುದರಲ್ಲಿ ಹತ್ತನೆಯ ಒಂದು ಪಾಲಿಗೂ ಕಡಿಮೆ. ಅಷ್ಟರಲ್ಲಿ ಅವರ ಚಿಪ್ಪು ಲೋಕದ ಪ್ರತಿಯೊಂದು ಕ್ಯಾಮರಾದ ಹೊಟ್ಟೆಯಲ್ಲಿತ್ತು.

ಲ್ಯಾಪ್‌ಟಾಪ್‌ಗೂ ಕಾರ್ಡಿಗೂ ನಂಟು ಬೆಳೆದದ್ದು 1990ರ ಸುಮಾರಿಗೆ. ಆ ವರ್ಷ ‘ಪಿಸಿಎಂಸಿಐಎ’ ಎಂಬ ಒಕ್ಕೂಟ ತನ್ನ ಮೊದಲ ಮಾನಕವನ್ನು ಹೊರತಂದಿತು. ಗಣಕೋದ್ಯಮದ ಸಂಕ್ಷಿಪ್ತನಾಮಗಳನ್ನು ಜನರು ನೆನಪಿಡಲಾರರು ಎಂದು ಆ ಅಕ್ಷರಗಳನ್ನೇ ವಿಸ್ತರಿಸಿ ನಗೆಯಾಡಿದವರುಂಟು; ನಿಜವಾದ ವಿಸ್ತರಣೆಯಲ್ಲಿ ‘ಮೆಮೊರಿ ಕಾರ್ಡ್’ ಎಂಬ ಮಾತೇ ಇದೆ. ಮೋಡೆಮ್ಮು, ನೆಟ್‌ವರ್ಕ್ ಕಾರ್ಡುಗಳೆಲ್ಲ ಆಮೇಲೆ ಬಂದ ಅತಿಥಿಗಳು. ಬ್ಯಾಂಕಿನ ಕಾರ್ಡಿನಷ್ಟು ಉದ್ದಗಲದ, 68 ಸೂಜಿರಂಧ್ರಗಳ ಆ ಸಂದಿ ಹುಟ್ಟಿದ್ದೇ ನೆನಪನ್ನು ಹಿಗ್ಗಿಸುವುದಕ್ಕಾಗಿ. 1993ರ ಎಚ್‌ಪಿ ಆಮ್ನಿಬುಕ್ 300 ಎಂಬ ಲ್ಯಾಪ್‌ಟಾಪನ್ನು 40 ಮೆಗಾಬೈಟ್‌ನ ಹಾರ್ಡ್ ಡಿಸ್ಕಿನೊಂದಿಗೂ ಕೊಳ್ಳಬಹುದಿತ್ತು, 10 ಮೆಗಾಬೈಟ್‌ನ ಫ್ಲಾಶ್ ಕಾರ್ಡಿನೊಂದಿಗೂ ಕೊಳ್ಳಬಹುದಿತ್ತು. ನಾಲ್ಕನೆಯ ಒಂದು ಪಾಲು ಜಾಗವನ್ನೇ ಸಾಕೆಂದು ಆರಿಸಿಕೊಂಡವರಿಗೆ ತಿರುಗುವ ತಟ್ಟೆಯಿಲ್ಲದ, ಸದ್ದಿಲ್ಲದ, ಒಂದೇ ಚಾರ್ಜಿನಲ್ಲಿ ಹೆಚ್ಚು ಹೊತ್ತು ನಡೆಯುವ ಯಂತ್ರ ಸಿಗುತ್ತಿತ್ತು. ಹದಿನೈದು ವರ್ಷಗಳ ನಂತರ ಎಲ್ಲರೂ ಬಯಸಿದ್ದನ್ನೇ ಅದು ಮುಂಚಿತವಾಗಿ ತೋರಿಸಿತ್ತೆನ್ನಬಹುದು.

1994ರಲ್ಲಿ ಸ್ಯಾನ್‌ಡಿಸ್ಕ್ ಸಂಸ್ಥೆ (ಆಗ ಅದರ ಹೆಸರು ಸನ್‌ಡಿಸ್ಕ್) ‘ಕಾಂಪ್ಯಾಕ್ಟ್ ಫ್ಲಾಶ್’ ಎಂಬ ಬೆಂಕಿಪೆಟ್ಟಿಗೆಗಿಂತ ತುಸು ಚಿಕ್ಕದಾದ ಕಾರ್ಡನ್ನು ತಂದಿತು. ಅದರ ಸ್ಥಾಪಕರಾದ ಮೂವರಲ್ಲಿ ಒಬ್ಬರು ನಮ್ಮ ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹರೋತ್ರಾ. ಈ ಕಾರ್ಡಿನ ಒಳಗಿನ ನಿಯಂತ್ರಕ, ಹಾರ್ಡ್ ಡಿಸ್ಕ್ ಆಡುವ ಭಾಷೆಯನ್ನೇ ಆಡುತ್ತಿತ್ತು. ಹೀಗಾಗಿ, ತಂತಿಗಳನ್ನು ಹೊಂದಿಸುವುದನ್ನು ಬಿಟ್ಟರೆ ಬೇರೆ ಬುದ್ಧಿಯಿಲ್ಲದ ಅಗ್ಗದ ಅಡಾಪ್ಟರ್ ಒಂದರಿಂದ ಇದನ್ನು ಹಳೆಯ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರಿಸಬಹುದಾಯಿತು. ಲ್ಯಾಪ್‌ಟಾಪ್‌ಗೆ ತನ್ನೊಳಗೆ ಡಿಸ್ಕಿಲ್ಲವೆಂಬುದು ಗೊತ್ತೇ ಆಗುವುದಿಲ್ಲ! ಹಳೆಯ ಯಂತ್ರಗಳನ್ನು ಪ್ರೀತಿಯಿಂದ ಉಳಿಸಿಕೊಳ್ಳುವವರು ಈ ಶಸ್ತ್ರಚಿಕಿತ್ಸೆಯನ್ನು ಇಂದಿಗೂ ಮಾಡುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಇಡೀ ಕಥೆಯಲ್ಲಿ ಮಾತಿಗೆ ತಪ್ಪದ ಉಪಾಯ ಇದೊಂದೇ. ಏಕೆಂದರೆ ಇದು ಬೀರುವನ್ನು ಬದಲಿಸುತ್ತೇನೆಂದು ಹೇಳಿತೇ ಹೊರತು ಹಲಗೆಯನ್ನು ದೊಡ್ಡದು ಮಾಡುತ್ತೇನೆಂದು ಹೇಳಲಿಲ್ಲ.

ಹಲಗೆಯ ವಿಷಯ ಬಂದದ್ದು ವಿಸ್ಟಾ ಕಾಲದಲ್ಲಿ. 2007ರ ಜನವರಿ 30ರಂದು ಜನರ ಕೈಗೆ ಬಂದ ವಿಂಡೋಸ್ ವಿಸ್ಟಾಗೆ ಕನಿಷ್ಠ 512 ಮೆಗಾಬೈಟ್ ರ‍್ಯಾಮ್ ಬೇಕಿತ್ತು, ನೆಮ್ಮದಿಯಿಂದ ನಡೆಯಲು ಅದರ ಎರಡರಷ್ಟಾದರೂ ಬೇಕಿತ್ತು. ಮನೆಮನೆಗಳಲ್ಲಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಗೆರೆಯ ಮೇಲೋ ಕೆಳಗೋ ಇದ್ದವು. ಅವುಗಳಿಗಾಗಿ ವಿಸ್ಟಾದಲ್ಲಿ ‘ರೆಡಿಬೂಸ್ಟ್’ ಎಂಬ ಸೌಲಭ್ಯವಿತ್ತು: ಯುಎಸ್‌ಬಿ ಕಡ್ಡಿಯನ್ನೋ ಎಸ್‌ಡಿ ಕಾರ್ಡನ್ನೋ ಸಿಕ್ಕಿಸಿ, ಗಣಕದ ವೇಗವರ್ಧನೆಗೆ ಇದನ್ನು ಬಳಸು ಎಂದು ಅಪ್ಪಣೆ ಕೊಟ್ಟರೆ ಸಾಕು. 256 ಮೆಗಾಬೈಟ್‌ನಿಂದ 4 ಗಿಗಾಬೈಟ್‌ವರೆಗಿನ ಜಾಗವನ್ನು ಅದು ತನ್ನದಾಗಿಸಿಕೊಳ್ಳುತ್ತಿತ್ತು.

ಇದು ಮಾಡುತ್ತಿದ್ದುದೇನು? ಹಲಗೆಯನ್ನು ಅದು ದೊಡ್ಡದು ಮಾಡುತ್ತಿರಲಿಲ್ಲ. ಬೀರುವಿನಲ್ಲಿದ್ದ ಪುಸ್ತಕಗಳ ಪೈಕಿ ಮತ್ತೆ ಮತ್ತೆ ಬೇಕಾಗುವ ಹಾಳೆಗಳ ನಕಲನ್ನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ತಂದಿಡುತ್ತಿತ್ತು, ಅಷ್ಟೆ. ಮೂಲಪ್ರತಿ ಬೀರುವಿನಲ್ಲಿಯೇ ಇರುವುದರಿಂದ ಕಾರ್ಡನ್ನು ನಡುವೆ ಕಿತ್ತರೂ ಏನೂ ನಷ್ಟವಿಲ್ಲ. ನಕಲನ್ನು ಗೂಢಲಿಪಿಯಲ್ಲಿ ಬರೆದಿಡುವುದರಿಂದ ಕದ್ದವನಿಗೂ ಲಾಭವಿಲ್ಲ. ಇವೆರಡೂ ಬಹಳ ವಿವೇಕದ ಏರ್ಪಾಡುಗಳೆಂದು ಮೆಚ್ಚಲೇಬೇಕು.

ಲಾಭದ ಪ್ರಮಾಣವನ್ನು ಲೆಕ್ಕದಿಂದಲೇ ನೋಡೋಣ. ಹಳೆಯ ಲ್ಯಾಪ್‌ಟಾಪ್‌ನ ರ‍್ಯಾಮ್‌ನಿಂದ ಒಂದು ಸಂಗತಿಯನ್ನು ತರಲು ಸುಮಾರಾಗಿ ಸೆಕೆಂಡಿನ ಕೋಟಿಯಲ್ಲೊಂದು ಭಾಗ ಹಿಡಿಯುತ್ತದೆ. ರೆಡಿಬೂಸ್ಟ್ ಕೇಳುತ್ತಿದ್ದ ಕನಿಷ್ಠ ವೇಗ, 4 ಕಿಲೋಬೈಟ್‌ನ ಚದುರಿದ ತುಣುಕುಗಳನ್ನು ಸೆಕೆಂಡಿಗೆ 2.5 ಮೆಗಾಬೈಟ್‌ನಂತೆ ಓದುವುದು. ಎಂದರೆ ತುಣುಕಿಗೆ ಸುಮಾರು 1.6 ಮಿಲಿಸೆಕೆಂಡ್. ನಿಮಿಷಕ್ಕೆ 5400 ಸುತ್ತು ತಿರುಗುವ ಲ್ಯಾಪ್‌ಟಾಪ್ ಡಿಸ್ಕಿಗೆ ಅದೇ ಕೆಲಸಕ್ಕೆ 17 ಮಿಲಿಸೆಕೆಂಡ್ ಬೇಕು. ಈ ಅಂಕಿಗಳು ನಮ್ಮ ಅನುಭವಕ್ಕೆ ನಿಲುಕುವುದಿಲ್ಲವಾದ್ದರಿಂದ ಹಿಗ್ಗಿಸಿ ಹೇಳುತ್ತೇನೆ. ರ‍್ಯಾಮ್ ಒಂದು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆಂದು ಇಟ್ಟುಕೊಂಡರೆ, ಕಾರ್ಡು ನಾಲ್ಕೂವರೆ ಗಂಟೆಯಲ್ಲಿ ಉತ್ತರ ಕೊಡುತ್ತದೆ, ಡಿಸ್ಕು ಎರಡು ದಿನಗಳಲ್ಲಿ! ಎರಡು ದಿನ ಕಾಯುತ್ತಿದ್ದವನಿಗೆ ನಾಲ್ಕೂವರೆ ಗಂಟೆ ದೊಡ್ಡ ಉಪಕಾರವೇ. ಆದರೆ ಒಂದು ಸೆಕೆಂಡಿನದನ್ನು ಇದರಿಂದ ಪಡೆಯುತ್ತೇನೆಂದುಕೊಂಡವನಿಗೆ ನಿರಾಶೆ ತಪ್ಪಿದ್ದಲ್ಲ. ದೊಡ್ಡ ಕಡತವನ್ನು ಸಾಲಾಗಿ ಓದುವಾಗಲಂತೂ ಡಿಸ್ಕೇ ಕಾರ್ಡಿಗಿಂತ ಮುಂದೆ; ಆದ್ದರಿಂದ ವಿಂಡೋಸ್ ಚಿಲ್ಲರೆ ತುಣುಕುಗಳಿಗೆ ಮಾತ್ರ ಕಾರ್ಡಿನತ್ತ ಕೈಚಾಚುತ್ತಿತ್ತು. 512 ಮೆಗಾಬೈಟ್‌ನ ಯಂತ್ರಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು, ಒಂದು ಗಿಗಾಬೈಟ್ ದಾಟಿದವುಗಳಲ್ಲಿ ಹುಡುಕಬೇಕಾಗುತ್ತಿತ್ತು.

ಇನ್ನೊಂದು ವಿಪರ್ಯಾಸವಿದೆ. ನಿಜವಾಗಿ ಹಳೆಯದಾದ ಲ್ಯಾಪ್‌ಟಾಪ್‌ಗಳಲ್ಲಿದ್ದುದು ಯುಎಸ್‌ಬಿ 1.1. ಅದರ ಪರಮಾವಧಿ ವೇಗ ಸೆಕೆಂಡಿಗೆ 12 ಮೆಗಾಬಿಟ್, ಎಂದರೆ ಒಂದೂವರೆ ಮೆಗಾಬೈಟ್. ಎರಡೂವರೆ ಕೇಳುವ ರೆಡಿಬೂಸ್ಟ್ ಅದನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಅಂಥ ಕೆಲವು ಯಂತ್ರಗಳ ಒಳಗಿನ ಚಿಪ್‌ಸೆಟ್ (ಉದಾಹರಣೆಗೆ ಇಂಟೆಲ್ 440ಎಂಎಕ್ಸ್) 256 ಮೆಗಾಬೈಟ್‌ಗಿಂತ ಹೆಚ್ಚಿನ ರ‍್ಯಾಮನ್ನೇ ಒಪ್ಪುತ್ತಿರಲಿಲ್ಲವಾದ್ದರಿಂದ ವಿಸ್ಟಾ ಅವುಗಳ ಮೇಲೆ ಕಾಲಿಡುವಂತೆಯೇ ಇರಲಿಲ್ಲ. ಊರುಗೋಲು ಯಾರಿಗೆ ತೀರ ಅಗತ್ಯವಾಗಿತ್ತೋ ಅವರಿಗೆ ಅದು ದಕ್ಕಲಿಲ್ಲ; ಹೇಗೂ ನಡೆಯಬಲ್ಲವರಿಗೆ ದಕ್ಕಿತು. ಬಡವರ ಮಕ್ಕಳಿಗೆಂದು ತೆರೆದ ವಿದ್ಯಾರ್ಥಿವೇತನಗಳ ನಿಯಮಾವಳಿಯನ್ನು ಓದಿದವರಿಗೆ ಇದು ಹೊಸ ಅನುಭವವೇನಲ್ಲ.

ಅದೇ 2007ರಲ್ಲಿ ಬಂದ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯ ಹಸಿರು ಬಿಳುಪಿನ ಎಕ್ಸ್‌ಒ ಯಂತ್ರದಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. 256 ಮೆಗಾಬೈಟ್ ರ‍್ಯಾಮ್, ಒಂದು ಗಿಗಾಬೈಟ್ ಫ್ಲಾಶ್, ಪರದೆಯ ಕೆಳಗೆ ಮರೆಯಾಗಿ ಒಂದು ಎಸ್‌ಡಿ ಕಾರ್ಡಿನ ಸಂದಿ. ಭಾರತದಲ್ಲಿ ಇದರ ಮೊದಲ ಪ್ರಯೋಗ ನಡೆದದ್ದು ಮಹಾರಾಷ್ಟ್ರದ ಖೈರಾತ್ ಎಂಬ ಪುಟ್ಟ ಹಳ್ಳಿಯ ಶಾಲೆಯಲ್ಲಿ. ಮುಂದಿನ ವರ್ಷ ಬಂದ ಏಸರ್ ಆಸ್ಪೈರ್ ಒನ್ ಎಂಬ ಪುಟ್ಟ ಲ್ಯಾಪ್‌ಟಾಪ್‌ನ ಎಡಬದಿಯಲ್ಲಿ ಸಂಗ್ರಹ ವಿಸ್ತರಣೆಗೆಂದೇ ಪ್ರತ್ಯೇಕ ಸಂದಿಯಿತ್ತು. ಲಿನಕ್ಸ್ ಇದ್ದ ಮಾದರಿಯಲ್ಲಿ ಅಲ್ಲಿ ಹಾಕಿದ ಕಾರ್ಡು ಒಳಗಿನ ಫ್ಲಾಶ್‌ನೊಂದಿಗೆ ಬೆರೆತು ಒಂದೇ ಆಗಿ ಕಾಣುತ್ತಿತ್ತು.

ಕಾರ್ಡಿನ ಮೇಲೆ ಸ್ವಾಪ್ ಜಾಗವನ್ನೇ ಮಾಡಿಕೊಂಡ ಲಿನಕ್ಸ್ ಬಳಕೆದಾರರು ರೆಡಿಬೂಸ್ಟ್‌ಗಿಂತ ಮುಂದೆ ಹೋದರು. ಅಪಾಯವನ್ನೂ ಹೆಚ್ಚಾಗಿ ತಂದುಕೊಂಡರು. ಇಲ್ಲಿ ಕಾರ್ಡಿನಲ್ಲಿರುವುದು ನಕಲಲ್ಲ, ಮೂಲವೇ. ನಡುವೆ ಕಿತ್ತರೆ ತೆರೆದಿದ್ದ ತಂತ್ರಾಂಶಗಳು ಕುಸಿದುಬೀಳುತ್ತವೆ. ಸವಕಳಿಯ ಸಮಸ್ಯೆಯಂತೂ ಇದ್ದೇ ಇದೆ. ಪ್ರತಿಸಲ ಅಳಿಸಿ ಬರೆದಾಗಲೂ ಎಲೆಕ್ಟ್ರಾನ್‌ಗಳನ್ನು ಸೆರೆಯಿಟ್ಟ ನಿರೋಧಕ ಪದರ ಕೊಂಚ ಕೊಂಚ ಹಾಳಾಗುತ್ತದೆ. ಕೋಶಕ್ಕೊಂದು ಬಿಟ್ ಇಡುತ್ತಿದ್ದ ಹಳೆಯ ಫ್ಲಾಶ್ ಲಕ್ಷ ಸಲ ತಾಳುತ್ತಿದ್ದರೆ, ಎರಡು ಬಿಟ್ ತುರುಕಿದ ಅಗ್ಗದ ಬಗೆಗೆ ಹತ್ತು ಸಾವಿರವೇ ಹೆಚ್ಚು. ಬಿಡುವಿಲ್ಲದೆ ಬರೆಯುವ ಅಳಿಸುವ ಕೆಲಸಕ್ಕೆ ಆ ಕಾರ್ಡು ಹುಟ್ಟಿದ್ದೇ ಅಲ್ಲ.

2009ರ ವಿಂಡೋಸ್ 7 ಏಕಕಾಲಕ್ಕೆ ಎಂಟು ಕಾರ್ಡುಗಳನ್ನು, ಒಟ್ಟು 256 ಗಿಗಾಬೈಟ್‌ವರೆಗೆ, ಒಪ್ಪಿಕೊಂಡಿತು. ಆದರೆ ಅಷ್ಟು ಹೊತ್ತಿಗೆ ಮಸುವೊಕ ಅವರ ಚಿಪ್ಪು ಎಸ್‌ಎಸ್‌ಡಿ ಎಂಬ ಹೆಸರಿನಿಂದ ಬೀರುವಿನ ಜಾಗವನ್ನೇ ಹಿಡಿಯತೊಡಗಿತ್ತು. ವೇಗದ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ರೆಡಿಬೂಸ್ಟನ್ನು ಕರೆದರೆ, ನಿನ್ನ ಗಣಕಕ್ಕೆ ನನ್ನಿಂದ ಪ್ರಯೋಜನವಿಲ್ಲ ಎಂದು ಅದೇ ಹೇಳಿ ಹಿಂದೆ ಸರಿಯುತ್ತಿತ್ತು.

ಉಪಾಯ ಮಾತ್ರ ಸಾಯಲಿಲ್ಲ. 2021ರಿಂದ ಈಚೆಗೆ ಮೊಬೈಲ್ ಅಂಗಡಿಗಳಲ್ಲಿ ‘8+8 ಜಿಬಿ ರ‍್ಯಾಮ್’ ಎಂಬ ಫಲಕಗಳನ್ನು ನೀವೆಲ್ಲ ನೋಡಿರುತ್ತೀರಿ. ಅದರಲ್ಲಿ ಮೊದಲನೆಯ ಎಂಟು ಕರಿಹಲಗೆ. ಎರಡನೆಯ ಎಂಟು, ಫೋಟೋ ವಿಡಿಯೋಗಳನ್ನು ಇಡಬೇಕಾದ ನಿಮ್ಮದೇ ಫ್ಲಾಶ್ ಜಾಗದಿಂದ ಕಡ ತೆಗೆದದ್ದು. ಮುಂದಿನ ಸಲ ಫೋನ್ ಕೊಳ್ಳುವಾಗ ಎರಡನ್ನೂ ಕೂಡಿಸಿ ಹದಿನಾರೆಂದು ಲೆಕ್ಕ ಹಾಕಬೇಡಿ. ಕೂಡುವ ಚಿಹ್ನೆಯ ಎಡಗಡೆಯ ಅಂಕಿಯನ್ನಷ್ಟೇ ನೋಡಿ ಬೆಲೆ ಕಟ್ಟಿ.