ದೂರದ ಬಾನುಲಿ ಕೇಳುಗನ ಹತ್ತಿರ ಬಂದ ಬಗೆ

ವಿದೇಶಿ ರೇಡಿಯೊ ಎಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ಬಿಬಿಸಿ ವಾರ್ತೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯ ವಿಷಯವನ್ನು ಆಕಾಶವಾಣಿ ಸಂಜೆಯವರೆಗೂ ಹೇಳಲಿಲ್ಲ. ಬಿಬಿಸಿ ಅದಕ್ಕೂ ಎಷ್ಟೋ ಮೊದಲೇ ಹೇಳಿತ್ತು. ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿಯವರೂ ದಾರಿಯುದ್ದಕ್ಕೂ ಟ್ರಾನ್ಸಿಸ್ಟರಿನಲ್ಲಿ ಬಿಬಿಸಿಗೇ ಕಿವಿಗೊಟ್ಟಿದ್ದರು. ಇಂಥ ದಿನಗಳು ಮನಸ್ಸಿನಲ್ಲಿ ಉಳಿಯುವುದು ಸಹಜ. ಆದರೆ ವಾರ್ತೆ ಮುಗಿಯುತ್ತಿದ್ದದ್ದು ಹತ್ತು ನಿಮಿಷದೊಳಗೆ. ಉಳಿದ ಹೊತ್ತನ್ನು ತುಂಬುತ್ತಿದ್ದದ್ದು ವಿದ್ಯಮಾನಗಳ ವಿಶ್ಲೇಷಣೆ, ಪೇಟೆ ಧಾರಣೆ, ವಿಜ್ಞಾನದ ಮಾತು, ಭಾಷೆಯ ಪಾಠ. ಈ ಕ್ಷೇತ್ರದ ಒಳ್ಳೆಯ ಫಸಲು ಬಂದದ್ದು ಅಲ್ಲೇ ಎಂದು ನಾನು ನಂಬಿದ್ದೇನೆ. ತಮ್ಮವರಿಗಾಗಿ ಮಾತಾಡಲು ಹೊರಟ ಕೇಂದ್ರಗಳು ಪರರಿಗಾಗಿ ಮಾತಾಡುವುದನ್ನು ಕಲಿತದ್ದು ಆ ಕಾರ್ಯಕ್ರಮಗಳನ್ನು ಮಾಡುತ್ತಾ ಮಾಡುತ್ತಾ.

ಶುರುವಾದದ್ದು ವಸಾಹತುಗಳ ಕಾಲದಲ್ಲಿ. 1927ರಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಿಂದ ಫಿಲಿಪ್ಸ್ ಕಂಪನಿ ಶಾರ್ಟ್‌ವೇವ್‌ನಲ್ಲಿ ಪ್ರಸಾರ ಮಾಡಿ, ಇಂದಿನ ಇಂಡೊನೇಷ್ಯಾದಲ್ಲಿದ್ದ ಡಚ್ಚರಿಗೆ ಅವರ ರಾಣಿಯ ದನಿ ಕೇಳಿಸಿತು. 1929ರಲ್ಲಿ ರೇಡಿಯೊ ಮಾಸ್ಕೊ, 1931ರಲ್ಲಿ ಮಾರ್ಕೋನಿಯೇ ಮುಂದೆ ನಿಂತು ಕಟ್ಟಿದ ವ್ಯಾಟಿಕನ್ ರೇಡಿಯೊ, 1932ರ ಡಿಸೆಂಬರ್ 19ರಂದು ಬಿಬಿಸಿಯ ಎಂಪೈರ್ ಸರ್ವಿಸ್. ಮೊದಮೊದಲ ಕಾರ್ಯಕ್ರಮಗಳಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ ಎಂದು ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಉದ್ಘಾಟನೆಯ ದಿನವೇ ಕೇಳುಗರಿಗೆ ಹೇಳಿದ್ದರು. ಆ ಕೇಳುಗರಾದರೂ ಯಾರು? ಹೊರದೇಶಗಳಲ್ಲಿ ನೆಲೆಸಿದ್ದ ಇಂಗ್ಲಿಷರು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದ್ದು 1935ರಲ್ಲಿ. ಅಂದರೆ ಸಮುದ್ರದಾಚೆಯ ಬಾನುಲಿಗೂ ನಮ್ಮ ಊರಿನ ಬಾನುಲಿಗೂ ವಯಸ್ಸಿನಲ್ಲಿ ದೊಡ್ಡ ಅಂತರವೇನಿಲ್ಲ.

ಶಾರ್ಟ್‌ವೇವ್‌ನ ಗುಣ ತಿಳಿಯದೆ ಆ ಕಾರ್ಯಕ್ರಮಗಳ ಸ್ವರೂಪ ತಿಳಿಯುವುದಿಲ್ಲ. ಈ ಅಲೆಗಳು ಭೂಮಿಯಿಂದ ಮೇಲೇರಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಲವೆಂಬ ಪದರಕ್ಕೆ ತಾಗಿ, ಗೋಡೆಗೆ ಎಸೆದ ಚೆಂಡಿನ ಹಾಗೆ ಕೆಳಗೆ ಬರುತ್ತವೆ. ನೆಲಕ್ಕೆ ಬಡಿದು ಮತ್ತೆ ಮೇಲೇರುತ್ತವೆ. ಹೀಗೆ ಎರಡು ಮೂರು ನೆಗೆತದಲ್ಲಿ ಖಂಡಗಳನ್ನೇ ದಾಟುತ್ತವೆ. ಆದರೆ ಆ ಪದರ ಒಂದೇ ಸಮನೆ ಇರುವುದಿಲ್ಲ. ಹಗಲಿಗೆ 16 ಅಥವಾ 19 ಮೀಟರ್ ಬ್ಯಾಂಡು ಚೆನ್ನ, ರಾತ್ರಿಗೆ 41, 49. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿದ ಹಾಗೆ ಪ್ರಸಾರದ ನಸೀಬೂ ಏರಿಳಿಯುತ್ತದೆ. ಧ್ವನಿ ಉಬ್ಬುತ್ತದೆ, ಕುಗ್ಗುತ್ತದೆ, ಪಕ್ಕದ ಸ್ಟೇಷನ್ ನುಗ್ಗುತ್ತದೆ, ನಡುವೆ ಗರಗರ. ಇಂಥ ದಾರಿಯಲ್ಲಿ ಸೂಕ್ಷ್ಮ ಸಂಗೀತ ಉಳಿಯುವುದು ಕಷ್ಟ. ಸ್ಪಷ್ಟವಾದ ಮನುಷ್ಯದನಿ ಮಾತ್ರ ಹೇಗೋ ದಾಟಿ ಬರುತ್ತದೆ. ಮಾತಿನ ಕಾರ್ಯಕ್ರಮಗಳು ಇಷ್ಟು ಬೆಳೆದುದಕ್ಕೆ ರಾಜಕೀಯ ಎಷ್ಟು ಕಾರಣವೋ ಈ ಭೌತವಿಜ್ಞಾನವೂ ಅಷ್ಟೇ ಕಾರಣ.

ಪರಭಾಷೆಯಲ್ಲಿ ಮಾತಾಡಬೇಕೆಂಬ ಅರಿವು ಮೂಡಿಸಿದ್ದು ಯುದ್ಧ. ಮುಸೊಲಿನಿಯ ಅರಬ್ಬಿ ಪ್ರಸಾರಕ್ಕೆ ಉತ್ತರವಾಗಿ ಬಿಬಿಸಿ 1938ರ ಜನವರಿಯಲ್ಲಿ ಅರಬ್ಬಿಯಲ್ಲಿ ಮಾತಾಡಿತು. ಅದು ಬಿಬಿಸಿಯ ಮೊದಲ ಪರಭಾಷಾ ಸೇವೆ. ಆಲ್ ಇಂಡಿಯಾ ರೇಡಿಯೊ 1939ರ ಅಕ್ಟೋಬರಿನಲ್ಲಿ ಪಷ್ತೋ ಭಾಷೆಯಲ್ಲಿ ಹೊರದೇಶಕ್ಕೆ ಪ್ರಸಾರ ಆರಂಭಿಸಿತು. 1940ರಲ್ಲಿ ಲಂಡನ್ನಿನಿಂದ ಹಿಂದೂಸ್ತಾನಿ, 1942ರಲ್ಲಿ ವಾಯ್ಸ್ ಆಫ್ ಅಮೆರಿಕ. 1941ರಿಂದ 1943ರವರೆಗೆ ಬಿಬಿಸಿಯ ಪೂರ್ವ ವಿಭಾಗದಲ್ಲಿ ಜಾರ್ಜ್ ಆರ್ವೆಲ್ ಕೆಲಸ ಮಾಡಿದರು. ಭಾರತದ ಕಾಲೇಜು ವಿದ್ಯಾರ್ಥಿಗಳಿಗಾಗಿ ಇ.ಎಂ. ಫಾರ್ಸ್ಟರ್, ಟಿ.ಎಸ್. ಎಲಿಯಟ್ ಅಂಥವರನ್ನು ಮೈಕಿನ ಮುಂದೆ ಕೂರಿಸಿ, ಸಾಹಿತ್ಯ ವಿಜ್ಞಾನಗಳ ಉಪನ್ಯಾಸ ಮಾಡಿಸಿದರು. ಇದನ್ನೆಲ್ಲ ಕೇಳುವವರು ತೀರ ಕಡಿಮೆ ಎಂಬ ಬೇಸರದಿಂದಲೇ ಅವರು ಕೆಲಸ ಬಿಟ್ಟರು. ಅವರ ಬೇಸರ ನ್ಯಾಯವಾದದ್ದೇ. ಆಗ ನಮ್ಮಲ್ಲಿ ರೇಡಿಯೊ ಇದ್ದದ್ದು ಎಷ್ಟು ಮನೆಗಳಲ್ಲಿ? ಕೇಂಬ್ರಿಡ್ಜಿನ ಪಡಸಾಲೆಯ ಇಂಗ್ಲಿಷ್ ಅರ್ಥವಾಗುತ್ತಿದ್ದದ್ದು ಎಷ್ಟು ಕಿವಿಗಳಿಗೆ?

ಈ ಎರಡನೇ ತೊಡಕಿಗೆ ನಿಜವಾದ ಪರಿಹಾರ ಸಿಕ್ಕಿದ್ದು 1959ರ ಅಕ್ಟೋಬರ್ 19ರಂದು, ವಾಯ್ಸ್ ಆಫ್ ಅಮೆರಿಕ ‘ಸ್ಪೆಷಲ್ ಇಂಗ್ಲಿಷ್’ ಆರಂಭಿಸಿದಾಗ. ಬಿಬಿಸಿ 1943ರಿಂದಲೇ ‘ಇಂಗ್ಲಿಷ್ ಬೈ ರೇಡಿಯೊ’ ಪಾಠಗಳನ್ನು ಕೊಡುತ್ತಿತ್ತು, ಅವು ಒಳ್ಳೆಯ ಪಾಠಗಳೇ. ಆದರೆ ಅಮೆರಿಕನ್ನರು ಪಾಠವನ್ನೂ ವಾರ್ತೆಯನ್ನೂ ಬೇರೆ ಬೇರೆ ಇಡಲಿಲ್ಲ. ಸುಮಾರು 1,500 ಪದಗಳ ಪಟ್ಟಿ ಮಾಡಿಕೊಂಡು, ಲೋಕದ ಎಲ್ಲ ವಿಷಯವನ್ನೂ ಅಷ್ಟರಲ್ಲೇ ಹೇಳಬೇಕು ಎಂದು ಕಟ್ಟುಹಾಕಿಕೊಂಡರು. ವಾಕ್ಯ ಚಿಕ್ಕದು, ಒಂದು ವಾಕ್ಯಕ್ಕೆ ಒಂದೇ ವಿಚಾರ. ಓದುವ ವೇಗ ಮಾಮೂಲಿಯ ಮೂರರಲ್ಲಿ ಎರಡು ಪಾಲು. ನುಡಿಗಟ್ಟುಗಳಿಗೆ ಜಾಗವಿಲ್ಲ. ಪಟ್ಟಿಯಲ್ಲಿಲ್ಲದ ಪದ ಬಂದೇ ತೀರಬೇಕಾದರೆ ಅಲ್ಲೇ ಅದರ ಅರ್ಥ ಹೇಳಿ ಮುಂದೆ ಹೋಗಬೇಕು.

ಈ ಕಟ್ಟಿನೊಳಗೆ ಹಣದುಬ್ಬರವನ್ನು ಹೇಗೆ ಹೇಳುವುದು? ಕೇಂದ್ರ ಬ್ಯಾಂಕು ಬಡ್ಡಿದರ ಏರಿಸಿ ನಗದು ಹರಿವಿಗೆ ಕಡಿವಾಣ ಹಾಕಿದೆ ಎಂದು ಒಂದೇ ಉಸಿರಿಗೆ ಹೇಳುವಂತಿಲ್ಲ. ಬೆಲೆಗಳು ಏರುತ್ತಿವೆ. ಸಾಲ ದುಬಾರಿಯಾದರೆ ಜನ ಕಡಿಮೆ ಸಾಲ ಮಾಡುತ್ತಾರೆ. ಕಡಿಮೆ ಕೊಳ್ಳುತ್ತಾರೆ. ಆಗ ಬೆಲೆಯ ಏರಿಕೆ ನಿಧಾನವಾಗುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು. ಹಾಗೆ ಬಿಡಿಸಿ ಹೇಳಲು ಹೊರಟವನಿಗೆ ವಿಷಯ ಪೂರ್ತಿ ಗೊತ್ತಿರಲೇಬೇಕು. ದೊಡ್ಡ ಪದಗಳ ಮರೆಯಲ್ಲಿ ನಿಲ್ಲಲು ದಾರಿಯಿಲ್ಲ. ವಾರ್ತೆಯ ಜೊತೆಗೆ ವಿಜ್ಞಾನ, ಅರ್ಥವ್ಯವಸ್ಥೆ, ಕೃಷಿ, ಅಮೆರಿಕದ ಇತಿಹಾಸ ಎಲ್ಲವೂ ಈ ನುಡಿಯಲ್ಲೇ ಬಂದವು. ಚೀನಾದಿಂದ ಆಫ್ರಿಕದವರೆಗೆ ಒಂದು ತಲೆಮಾರಿನವರು ತಮ್ಮ ಇಂಗ್ಲಿಷ್ ತಿದ್ದಿಕೊಂಡದ್ದು ಈ ನಿಧಾನದ ದನಿ ಕೇಳಿ. ಸರಳವಾಗಿ ಹೇಳಿದರೆ ವಿಷಯ ಕುಲಗೆಡುತ್ತದೆ ಎನ್ನುವ ನಮ್ಮ ಕೆಲವು ವಿದ್ವಾಂಸರು ಆ ಸಂಚಿಕೆಗಳನ್ನು ಒಮ್ಮೆ ಕೇಳಬೇಕೆಂದು ನನ್ನ ಆಸೆ. ಕನ್ನಡದಲ್ಲಿ ವಿಜ್ಞಾನ, ಅರ್ಥಶಾಸ್ತ್ರ ಬರೆಯುವವರಿಗೆ ಅವು ಇಂದಿಗೂ ಪಠ್ಯದಂತಿವೆ.

1953ರಲ್ಲಿ ಹುಟ್ಟಿದ ಜರ್ಮನಿಯ ಡಾಯ್ಚ ವೆಲ್ಲ ಇನ್ನೊಂದು ದಾರಿ ಹಿಡಿಯಿತು. ಗಯಟೆ ಸಂಸ್ಥೆಯ ಜೊತೆ ಸೇರಿ ಅದು ರೂಪಿಸಿದ ‘ಡಾಯ್ಚ್ – ವಾರುಮ್ ನಿಷ್ಟ್?’ ಜರ್ಮನ್ ಕಲಿಸುವ ಕೋರ್ಸಿನಲ್ಲಿ 26 ಪಾಠಗಳ ನಾಲ್ಕು ಸರಣಿಗಳಿವೆ. ಕಥಾನಾಯಕ ಆಂದ್ರೆಯಾಸ್ ಪತ್ರಿಕೋದ್ಯಮದ ವಿದ್ಯಾರ್ಥಿ, ಖರ್ಚಿಗಾಗಿ ಹೋಟೆಲೊಂದರಲ್ಲಿ ಕೆಲಸ ಮಾಡುವವನು. ಅವನ ಜೊತೆ ಎಕ್ಸ್ ಎಂಬ, ಕಣ್ಣಿಗೆ ಕಾಣದ ಪುಟ್ಟ ಹೆಣ್ಣುಜೀವ. ದನಿ ಮಾತ್ರ ಇರುವ ಮಾಧ್ಯಮಕ್ಕೆ ಕಾಣದ ಪಾತ್ರಕ್ಕಿಂತ ಹೊಂದುವ ಸಂಗಾತಿ ಬೇರೆ ಸಿಗುವುದಿಲ್ಲ. ಎಕ್ಸ್ ಅಧಿಕಪ್ರಸಂಗ ಮಾಡುತ್ತಾಳೆ, ಆಂದ್ರೆಯಾಸ್ ಆಡಿದ್ದನ್ನೇ ಮತ್ತೆ ಆಡುತ್ತಾಳೆ. ಹೋಟೆಲಿನವರಿಗೆ ದನಿ ಎಲ್ಲಿಂದ ಬಂತೆಂದು ಗಾಬರಿ. ಆ ಮರುನುಡಿಯಲ್ಲೇ ವ್ಯಾಕರಣ ಕಿವಿಗೆ ಬಿದ್ದಿರುತ್ತದೆ. ರೇಡಿಯೊ ಜಪಾನಿನ ಪಾಠಗಳೂ ಸಂಭಾಷಣೆಯ ದಾರಿಯಲ್ಲೇ ನಡೆದವು.

ವಿಜ್ಞಾನದ ಕಾರ್ಯಕ್ರಮಗಳಿಗೆ ದೊಡ್ಡ ನೂಕುಬಲ ಕೊಟ್ಟದ್ದು ಬಾಹ್ಯಾಕಾಶ. 1957ರ ಅಕ್ಟೋಬರ್ 4ರಂದು ಮೇಲೇರಿದ ಉಪಗ್ರಹ ಸ್ಪುಟ್ನಿಕ್‌ನ ಬೀಪ್ ಸದ್ದು 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿತ್ತು. ಆ ಕಂಪನಾಂಕ ಹಿಡಿಯುವ ಸೆಟ್ ಇದ್ದ ಹವ್ಯಾಸಿಗಳು ಮನೆಯಲ್ಲೇ ಅದನ್ನು ಹಿಡಿದರು. ಆಮೇಲೆ ಬಿಬಿಸಿಯ ‘ಸೈನ್ಸ್ ಇನ್ ಆ್ಯಕ್ಷನ್’ ಮೊದಲಾದವು ವಿಜ್ಞಾನಿಗಳ ಬಾಯಿಂದಲೇ ಮಾತು ತೆಗೆದವು. ವ್ಯಾಪಾರದ ವಿಭಾಗ ಮಾತ್ರ ಬಹಳ ಕಾಲ ಸೊರಗಿತ್ತು. ‘ಫೈನಾನ್ಶಿಯಲ್ ನ್ಯೂಸ್’ ಎಂದರೆ ಲಂಡನ್ ಷೇರುಪೇಟೆಯ ಏರಿಳಿತ, ಪೌಂಡಿನ ಬೆಲೆ, ಅಷ್ಟೇ. ಕಾಫಿ ಬೆಳೆಯುವವನಿಗೆ ಅದರಿಂದ ಏನು ಬಂತು ಎಂದು ಹೇಳುವ ಕಾರ್ಯಕ್ರಮಗಳು ಬಂದದ್ದು ತಡವಾಗಿ.

ಕೇಳುಗರೇನೂ ಸುಮ್ಮನಿರಲಿಲ್ಲ. ಜಾಲರಿ ಏರಿಯಲ್ ಕಟ್ಟಿ, ರೇಡಿಯೊದ ಕಿವಿ ತಿರುವಿ, ಸಿಕ್ಕಿದ ಸ್ಟೇಷನ್ನಿಗೆ ಕಾಗದ ಬರೆಯುತ್ತಿದ್ದರು. ಆ ಕಾಗದಕ್ಕೊಂದು ಶಿಸ್ತಿತ್ತು: ತಾರೀಕು, ಗ್ರೀನಿಚ್ ಸಮಯ, ಕಂಪನಾಂಕ, ಕೇಳಿದ ಕಾರ್ಯಕ್ರಮದ ವಿವರ, ಕೊನೆಗೆ ಸಿನ್ಪೊ ಎಂಬ ಐದಂಕಿಯ ಸಂಕೇತ. ಸಿಗ್ನಲ್ ಬಲ, ಪಕ್ಕದ ಸ್ಟೇಷನ್ನಿನ ಹಾವಳಿ, ಗದ್ದಲ, ಅಲೆಯ ಏರಿಳಿತ, ಒಟ್ಟು ಗುಣ, ಒಂದೊಂದಕ್ಕೂ ಐದರೊಳಗೆ ಅಂಕ. 45444 ಎಂದರೆ ಚೆನ್ನಾಗಿ ಕೇಳಿಸಿತು. 22322 ಎಂದರೆ ಹೆಣಗಾಡಿದೆವು. ಉತ್ತರವಾಗಿ, ಕೇಳಿದ್ದನ್ನು ದೃಢಪಡಿಸುವ ಬಣ್ಣದ ಕ್ಯೂಎಸ್ಎಲ್ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ಎಂಜಿನಿಯರುಗಳಿಗೆ ಇದು ಖರ್ಚಿಲ್ಲದ ಸಮೀಕ್ಷೆ. ಹಳ್ಳಿಯ ಹುಡುಗನಿಗೆ ತನ್ನ ಹೆಸರು ಬರೆದ ವಿದೇಶಿ ಲಕೋಟೆ.

ಕೇಳುವುದೇ ಅಪರಾಧವಾಗಿದ್ದ ಕಡೆಗಳೂ ಇದ್ದವು. ಸೋವಿಯತ್ ಸರ್ಕಾರ ಗದ್ದಲದ ಅಲೆ ಹಾಯಿಸಿ ಬಿಬಿಸಿಯ ರಷ್ಯನ್ ಪ್ರಸಾರವನ್ನು ಅಡಗಿಸುವುದನ್ನು ನಿಲ್ಲಿಸಿದ್ದು 1987ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 1991ರ ಆಗಸ್ಟಿನ ಕ್ಷಿಪ್ರಕ್ರಾಂತಿಯಲ್ಲಿ ಕ್ರಿಮಿಯಾದ ಬಂಗಲೆಯಲ್ಲಿ ಬಂದಿಯಾಗಿದ್ದ ಗೊರ್ಬಚೆವ್ ಹೊರಗಿನ ಸಮಾಚಾರ ತಿಳಿದದ್ದು ಬಿಬಿಸಿಯಂಥ ಕೇಂದ್ರಗಳಿಂದಲೇ.

ನಾವೂ ಹೊರಗಿನವರಿಗಾಗಿ ಮಾತಾಡಿದ್ದುಂಟು. ಆಕಾಶವಾಣಿಯ ವಿದೇಶ ಸೇವೆಯಲ್ಲಿ ಕೊಲ್ಲಿ ದೇಶಗಳ ಕೇಳುಗರಿಗಾಗಿ ಕನ್ನಡ ಪ್ರಸಾರವಿತ್ತು. ಬೆಂಗಳೂರಿನ ಹೊರವಲಯದ 500 ಕಿಲೋವಾಟ್ ಟ್ರಾನ್ಸ್‌ಮಿಟರುಗಳು ದೇಶದ ಅತಿ ಬಲವಾದ ಶಾರ್ಟ್‌ವೇವ್ ಯಂತ್ರಗಳ ಸಾಲಿನವು. ಕರಾವಳಿಯಿಂದ ಗಲ್ಫಿಗೆ ಹೋದ ಸಾವಿರಾರು ಜನರಿಗೆ ವ್ಯಾಪಾರ, ಕಾನೂನು, ಅರಬ್ಬಿ ಭಾಷೆಯ ಪಾಠ ಇವನ್ನು ಕನ್ನಡದಲ್ಲೇ ಕೊಡುವ ಶಕ್ತಿ ಆ ಯಂತ್ರಗಳಿಗಿತ್ತು. ಅದನ್ನು ಪೂರ್ತಿ ಬಳಸಿಕೊಳ್ಳಲಿಲ್ಲವೆಂಬ ಕೊರಗು ನನಗಿದೆ.

ಇಂಟರ್‌ನೆಟ್ ಬಂದ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 2001ರಲ್ಲಿ ಬಿಬಿಸಿ ಉತ್ತರ ಅಮೆರಿಕಕ್ಕೆ ಶಾರ್ಟ್‌ವೇವ್ ನಿಲ್ಲಿಸಿತು. 2012ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಕೆನಡಾ, 2017ರಲ್ಲಿ ಆಸ್ಟ್ರೇಲಿಯಾ ಹಿಂದೆ ಸರಿದವು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ಮುಗಿಯಿತು. ವಿಜ್ಞಾನ ಮತ್ತು ಭಾಷೆಯ ಕಾರ್ಯಕ್ರಮಗಳಿಗೆ ಇದರಿಂದ ಲಾಭವೇ ಆಯಿತೆನ್ನಬೇಕು. ತಪ್ಪಿಹೋದ ಪಾಠವನ್ನು ಈಗ ಪಾಡ್‌ಕಾಸ್ಟಿನಲ್ಲಿ ಬೇಕಾದಾಗ ಕೇಳಬಹುದು, ಬೇಕಾದಷ್ಟು ಸಲ ಕೇಳಬಹುದು. ಆಂದ್ರೆಯಾಸ್ ಮತ್ತು ಎಕ್ಸ್ ಇಬ್ಬರೂ ಅಂತರ್ಜಾಲಕ್ಕೆ ಬಂದರು.

ವಿದ್ಯಮಾನಗಳ ಮಾತು ಬೇರೆ. ಶಾರ್ಟ್‌ವೇವ್ ಕೇಳುವವನು ಯಾರೆಂದು ಯಾವ ಸರ್ಕಾರಕ್ಕೂ ಗೊತ್ತಾಗುವುದಿಲ್ಲ. ಅವನಿಗೆ ಡೇಟಾ ಬೇಡ, ಟವರ್ ಬೇಡ, ಎರಡು ಬ್ಯಾಟರಿ ಸಾಕು. ಇಂಟರ್‌ನೆಟ್ಟನ್ನು ಒಂದು ಆದೇಶದಿಂದ ಕಡಿಯಬಹುದು. ಹಾಗಾಗಿಯೇ 2022ರ ಮಾರ್ಚಿನಲ್ಲಿ ಬಿಬಿಸಿ ಉಕ್ರೇನ್ ಕಡೆಗೆ ದಿನಕ್ಕೆ ನಾಲ್ಕು ಗಂಟೆಯ ಶಾರ್ಟ್‌ವೇವ್ ಪ್ರಸಾರವನ್ನು ಮತ್ತೆ ಹಚ್ಚಿತು. 2023ರಲ್ಲಿ ಸುಡಾನಿಗೆ ಅರಬ್ಬಿ ತುರ್ತು ಸೇವೆ ಕೊಟ್ಟಿತು. ಅದೇ ಹೊತ್ತಿನಲ್ಲಿ ಇನ್ನೊಂದು ಕಡೆ ಉಳಿತಾಯದ ಹೆಸರಿನ ಕತ್ತರಿ ನಿಂತಿಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷರ ಆದೇಶದ ಬೆನ್ನಲ್ಲೇ ವಾಯ್ಸ್ ಆಫ್ ಅಮೆರಿಕದ ಸಿಬ್ಬಂದಿಯನ್ನು ರಜೆಯ ಮೇಲೆ ಕಳುಹಿಸಲಾಯಿತು. ಇದರ ಬೆಲೆ ತಿಳಿಯಬೇಕಾದವರು ಪೆಸಿಫಿಕ್ ದ್ವೀಪಗಳ ಕಡೆ ನೋಡಲಿ. ಚಂಡಮಾರುತ ಬಂದು ಟವರುಗಳು ಉರುಳಿದಾಗ ಅಲ್ಲಿನವರಿಗೆ ದಿಕ್ಕಾಗಿದ್ದದ್ದು ರೇಡಿಯೊ ಆಸ್ಟ್ರೇಲಿಯಾ. ಅದು ಬಿಟ್ಟುಹೋದ ಹಲವು ಕಂಪನಾಂಕಗಳಲ್ಲಿ ವರ್ಷ ಒಂದೂವರೆಯಾಗುವುದರೊಳಗೆ ಚೈನಾ ರೇಡಿಯೊ ಇಂಟರ್‌ನ್ಯಾಷನಲ್ ಕೇಳಿಸತೊಡಗಿತ್ತು.