ಹಾಸಿಗೆಯಲ್ಲಿ ಎರಡು ಬಗೆಯ ದೂಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸುಣ್ಣಕಲ್ಲಿನ ಸೀಮೆ. ಪರಸಿ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಹಾಗೂ ಲಾರಿಗಳ ಓಡಾಟದಿಂದ ಏಳುವ ದೂಳು ಮನೆಯ ಹಾಸಿಗೆಯವರೆಗೂ ತಲುಪುತ್ತದೆ. ಆದರೆ ಬೆಳಗಿನ ಸೀನು, ರಾತ್ರಿಯ ಉಬ್ಬಸಕ್ಕೆಲ್ಲ ಇದೊಂದೇ ಕಾರಣವಲ್ಲ. ಹಾಸಿಗೆಯೊಳಗೇ ಹುಟ್ಟುವ ಇನ್ನೊಂದು ದೂಳೂ ಇದೆ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಹೊರಗಿನ ದೂಳು: ಕಲ್ಲು ಮತ್ತು ಸಿಮೆಂಟಿನ ಪುಡಿ ಮೂಗು, ಗಂಟಲು, ಶ್ವಾಸನಾಳಗಳನ್ನು ಕೆರಳಿಸುತ್ತದೆ. ಪೊರಕೆಯಿಂದ ಗುಡಿಸಿದರೆ ಅದು ಎದ್ದು ಮತ್ತೆ ಹಾಸಿಗೆಯ ಮೇಲೆಯೇ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು; ಪರಸಿ ಹಾಸಿದ ನೆಲಕ್ಕೆ ಇದು ಸುಲಭ. ಹಗಲಿನಲ್ಲಿ ಹಾಸಿಗೆಗೆ ಹೊದಿಕೆ ಹಾಕಿರಬೇಕು. ಗಣಿ, ಕಾರ್ಖಾನೆಗಳಲ್ಲಿ ದುಡಿಯುವವರು ಕೆಲಸದ ಬಟ್ಟೆ ಬದಲಿಸಿ, ಕೈಕಾಲು ತೊಳೆದ ಮೇಲೆಯೇ ಮಲಗುವ ಕೋಣೆಗೆ ಹೋಗಬೇಕು.

ಒಳಗಿನ ದೂಳು: ಡಸ್ಟ್ ಮೈಟ್ ಎಂದು ಕರೆಯಲಾಗುವ ದೂಳುನುಸಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ; ಬರಿಗಣ್ಣಿಗೆ ಕಾಣುವುದು ಕಷ್ಟ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ಕಚ್ಚುವುದಿಲ್ಲ, ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ತೇವ ಹೆಚ್ಚಿರುವ ಮಳೆಗಾಲದಲ್ಲಿ ಇದರ ಸಂತತಿ ಬೆಳೆಯುತ್ತದೆ. ಹಾಸಿಗೆ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ಹಿಕ್ಕೆಯೂ ತೊಳೆದುಹೋಗುತ್ತದೆ. ಗಾದಿ, ದಿಂಬುಗಳಿಗೆ ಒತ್ತಾಗಿ ನೇಯ್ದ, ಜಿಪ್ ಇರುವ ಕವಚ ಹಾಕುವುದು ಉತ್ತಮ.

ಬಿಸಿಲಿನ ಬಳಕೆ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇಲ್ಲಿನ ಬಿಸಿಲು ಹಾಸಿಗೆಯ ತೇವ ಹೀರಿ ನುಸಿಯನ್ನು ತಗ್ಗಿಸುತ್ತದೆ. ಆದರೆ ಬಯಲಿನಲ್ಲಿ ತೆರೆದಿಟ್ಟ ಗಾದಿ ಸಂಜೆಯ ಹೊತ್ತಿಗೆ ಕಲ್ಲಿನ ಪುಡಿ ಹೊತ್ತು ಒಳಬರುತ್ತದೆ. ಆದ್ದರಿಂದ ರಸ್ತೆಗೆ ದೂರವಾದ ಮಾಳಿಗೆಯ ಮೇಲೆ, ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ, ಹಳೆಯ ಸೀರೆ ಮುಚ್ಚಿ ಒಣಗಿಸಬೇಕು. ಬಿಸಿಲಿಗೆ ನುಸಿ ಸತ್ತರೂ ಹಿಕ್ಕೆ ಉಳಿಯುವುದರಿಂದ ಕೊಡವಿ ಒಳತರಬೇಕು. ಕೊಡವುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ಅಸ್ತಮಾ ಇರುವವರು ಈ ಕೆಲಸದಿಂದ ದೂರವಿರಲಿ.

ಈ ದೃಷ್ಟಿಯಿಂದ ಹಳೆಯ ಸೀರೆ, ಧೋತರ ಸೇರಿಸಿ ಹೊಲಿಯುವ ಕೌದಿ ಹತ್ತಿಯ ಗಾದಿಗಿಂತ ಮೇಲು. ಅದನ್ನು ಇಡಿಯಾಗಿ ಒಗೆಯಬಹುದು, ಬೇಗ ಒಣಗುತ್ತದೆ.

ಇಷ್ಟಾದರೂ ರಾತ್ರಿಯ ಕೆಮ್ಮು, ಉಬ್ಬಸ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹಾಸಿಗೆ ಶುಚಿಯಾಯಿತೆಂದು ಅಸ್ತಮಾ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.