ಲಿವರ್‌ಪೂಲಿನ ಒಂದು ನೆಲಮಾಳಿಗೆ

ರಾಜಾಸ್ಥಾನಗಳಲ್ಲಿಯೂ ದೇವಾಲಯಗಳಲ್ಲಿಯೂ ಬೆಳೆದ ಸಂಗೀತದ ಚರಿತ್ರೆಯನ್ನು ಬರೆದವರು ಹಲವರುಂಟು. ಉಗ್ರಾಣದ ಕೆಳಗಣ ಕತ್ತಲೆಯಲ್ಲಿ ಬೆಳೆದ ಸಂಗೀತಕ್ಕೂ ಒಂದು ಚರಿತ್ರೆಯಿದೆಯೆಂದರೆ ವಾಚಕರು ನಗಬಾರದು. ಇಂಗ್ಲೆಂಡಿನ ರೇವುಪಟ್ಟಣವಾದ ಲಿವರ್‌ಪೂಲಿನಲ್ಲಿ, ಮ್ಯಾಥ್ಯೂ ಬೀದಿಯೆಂಬ ಇಕ್ಕಟ್ಟಾದ ಓಣಿಯ ಉಗ್ರಾಣವೊಂದರ ಅಡಿಯಲ್ಲಿ, ಯುದ್ಧಕಾಲದಲ್ಲಿ ಜನರು ಬಾಂಬುಗಳಿಗೆ ಹೆದರಿ ಅಡಗುತ್ತಿದ್ದ ಒಂದು ನೆಲಮಾಳಿಗೆಯಿದ್ದಿತು. 1957ರ ಜನವರಿ 16ರಂದು ಆಲನ್ ಸಿಟ್ನರ್ ಎಂಬಾತನು ಅದನ್ನು ಸಂಗೀತಶಾಲೆಯನ್ನಾಗಿ ತೆರೆದನು. ಪ್ಯಾರಿಸ್ ನಗರದ ನೆಲಮಾಳಿಗೆಯ ಗಾನಗೃಹವೊಂದನ್ನು ಕಂಡು ಮೆಚ್ಚಿ ಬಂದವನಾದ್ದರಿಂದ ಇದಕ್ಕೆ ಗುಹೆ ಎಂಬರ್ಥದ 'ಕ್ಯಾವರ್ನ್' ಎಂದು ಹೆಸರಿಟ್ಟನು.

ಅಲ್ಲಿ ಜಾಜ್ ಸಂಗೀತಕ್ಕೆ ಮಾತ್ರವೇ ಮಾನ್ಯತೆ. ಅದೇ ವರ್ಷದ ಆಗಸ್ಟಿನಲ್ಲಿ ಹದಿನಾರರ ಹುಡುಗ ಜಾನ್ ಲೆನನ್ ತನ್ನ ಮೇಳದೊಡನೆ ಬಂದು ರಾಕ್ ಹಾಡುಗಳನ್ನೆತ್ತಿಕೊಂಡಾಗ, ಅದನ್ನು ನಿಲ್ಲಿಸಬೇಕೆಂದು ಸಿಟ್ನರನು ಚೀಟಿ ಕಳುಹಿಸಿದನಂತೆ. 1960ರ ಆದಿಯಲ್ಲಿ ರೋರಿ ಸ್ಟಾರ್ಮ್ ಎಂಬ ಸ್ಥಳೀಯ ಗಾಯಕನು ಅದೇ ಅಪರಾಧವನ್ನು ಮಾಡಲು, ಜಾಜ್ ರಸಿಕರು ಕೋಪದಿಂದ ತಾಮ್ರದ ಕಾಸುಗಳನ್ನು ಆತನ ಮೇಲೆ ತೂರಿದರು. ಮೇಳದವರು ಅವನ್ನು ಆಯ್ದುಕೊಂಡರು! ಆದರೆ ಕಾಲವು ರಸಿಕರ ಪಕ್ಷದಲ್ಲಿರಲಿಲ್ಲ. ಹೊಸ ಯಜಮಾನನಾದ ರೇ ಮೆಕ್‌ಫಾಲನು 1960ರ ಮೇ 25ರಂದು ಹೊಸ ಸಂಗೀತಕ್ಕೇ ಒಂದು ರಾತ್ರಿಯನ್ನು ಮೀಸಲಿಟ್ಟನು. ಅಂದು ವೇದಿಕೆಯನ್ನೇರಿದವರಲ್ಲಿ ಆ ರೋರಿ ಸ್ಟಾರ್ಮನೂ ಒಬ್ಬನು.

ಆ ಸ್ಥಳದ ಸ್ವರೂಪವನ್ನು ತುಸು ವಿಸ್ತಾರವಾಗಿ ಹೇಳಬೇಕು. ಕಿರಿದಾದ ಕಲ್ಲಿನ ಮೆಟ್ಟಿಲುಗಳನ್ನಿಳಿದರೆ ಪಕ್ಕಪಕ್ಕದಲ್ಲಿಯೇ ಮೂರು ಇಟ್ಟಿಗೆಯ ಕಮಾನು ಸಾಲುಗಳು; ನಡುವಣ ಸಾಲಿನ ಕೊನೆಯಲ್ಲಿ ಪುಟ್ಟ ವೇದಿಕೆ. ಗಾಳಿಗೆ ದಾರಿಯಿಲ್ಲ. ನೂರಾರು ಮಂದಿಯ ಉಸಿರು ಬೆವರುಗಳು ಹಬೆಯಾಗಿ ಮೇಲೆದ್ದು, ಗೋಡೆಗಳ ಮೇಲೆ ನೀರಾಗಿ ಹರಿಯುತ್ತಿದ್ದುವು. ಮಾಳಿಗೆಯ ಸುಣ್ಣವು ಕಳಚಿ ಕೇಳುವವರ ತಲೆಯ ಮೇಲೂ ವಾದ್ಯಗಳ ಮೇಲೂ ಉದುರುತ್ತಿದ್ದಿತು. ತೇವ ಹೆಚ್ಚಿದಾಗ ವಿದ್ಯುತ್ತು ಕೆಟ್ಟು ಎಲ್ಲವೂ ಸ್ತಬ್ಧವಾಗುವುದೂ ಉಂಟು. ಮದ್ಯವಿಲ್ಲ, ಚಹ, ಸೂಪು, ಬ್ರೆಡ್ಡು ಇಷ್ಟೇ. ಮಧ್ಯಾಹ್ನದ ಊಟದ ವಿರಾಮದಲ್ಲಿಯೂ ಕಚೇರಿ ನಡೆಯುತ್ತಿದ್ದುದರಿಂದ, ಗುಮಾಸ್ತರೂ ಅಂಗಡಿಗಳ ಹುಡುಗಿಯರೂ ಓಡಿಬಂದು ಕೇಳಿ, ಅದೇ ವಾಸನೆಯನ್ನು ಬಟ್ಟೆಗಳಲ್ಲಿ ಹೊತ್ತು ಕೆಲಸಕ್ಕೆ ಮರಳುತ್ತಿದ್ದರು. ಬಯಲಾಟದ ರಾತ್ರಿ ಚಾಪೆಯಂಚಿಗಾಗಿ ಒತ್ತಾಡಿದ ನಮ್ಮವರಿಗೆ ಈ ಸುಖವನ್ನು ವಿವರಿಸಬೇಕಾಗಿಲ್ಲ.

ಆ ಊರಿಗೇ ಇಷ್ಟು ಮೇಳಗಳು ಏಕೆ ಹುಟ್ಟಿದುವು? ನಾವಿಕರು ಅಮೆರಿಕದಿಂದ ತಂದ ಧ್ವನಿಮುದ್ರಿಕೆಗಳೇ ಕಾರಣವೆಂಬ ಮಾತು ಪ್ರಚಾರದಲ್ಲಿದೆಯಾದರೂ ಅದನ್ನು ಒಪ್ಪದವರೂ ಇದ್ದಾರೆ. ಜರ್ಮನಿಯ ಹ್ಯಾಂಬರ್ಗಿನ ಮದ್ಯದಂಗಡಿಗಳಲ್ಲಿ ರಾತ್ರಿಯಿಡೀ ಗಂಟೆಗಟ್ಟಳೆ ನುಡಿಸಿ ಪಳಗಿದ್ದುದೇ ಬಲವಾದ ಕಾರಣವೆಂದು ನನಗೆ ತೋರುತ್ತದೆ. ಹಾಗೆ ಪಳಗಿ ಬಂದ 'ಬೀಟಲ್ಸ್' ಮೇಳವು 1961ರ ಫೆಬ್ರವರಿ 9ರಂದು ಇಲ್ಲಿ ಮೊದಲ ಬಾರಿ ನುಡಿಸಿತು. ಅದೇ ನವೆಂಬರ್ 9ರ ಮಧ್ಯಾಹ್ನ, ಸಮೀಪದ ಧ್ವನಿಮುದ್ರಿಕೆಯಂಗಡಿಯ ಬ್ರಯನ್ ಎಪ್‌ಸ್ಟೀನನು ಮೆಟ್ಟಿಲಿಳಿದು ಬಂದು ಕೇಳಿ, ಕೆಲವೇ ವಾರಗಳಲ್ಲಿ ಅವರ ವ್ಯವಹಾರದ ಹೊಣೆಯನ್ನು ಹೊತ್ತನು.

ಊರಿನವರ ಅಭಿಮಾನವಾದರೂ ಸುಲಭವಾದದ್ದಲ್ಲ. 1962ರ ಆಗಸ್ಟಿನಲ್ಲಿ ಡ್ರಮ್ಮು ಬಾರಿಸುವ ಪೀಟ್ ಬೆಸ್ಟನನ್ನು ತೆಗೆದು, ರೋರಿ ಸ್ಟಾರ್ಮನ ಮೇಳದ ರಿಂಗೋ ಸ್ಟಾರನನ್ನು ಕರೆತಂದಾಗ, ಕೇಳುಗರು ವೇದಿಕೆಯೆದುರಿಗೇ ಬೆಸ್ಟನ ಹೆಸರನ್ನು ಕೂಗಿದರು. ಜಾರ್ಜ್ ಹ್ಯಾರಿಸನನಿಗೆ ಏಟು ಬಿದ್ದು ಕಣ್ಣು ಕಪ್ಪಾಯಿತು. ತಮ್ಮ ಹುಡುಗರನ್ನು ಲೋಕವು ಕೊಂಡೊಯ್ಯುವುದೆಂಬ ಭಯವು ಆ ಕೂಗಿನಲ್ಲಿ ಇದ್ದಿರಬೇಕು. ಅದು ಸುಳ್ಳಾಗಲೂ ಇಲ್ಲ. ಸುಮಾರು 290 ಬಾರಿ ಅಲ್ಲಿ ನುಡಿಸಿದ ಬಳಿಕ, 1963ರ ಆಗಸ್ಟ್ 3ರಂದು ಬೀಟಲ್ಸರು ಕೊನೆಯ ಬಾರಿ ಆ ವೇದಿಕೆಯಿಂದಿಳಿದರು. ಅಲ್ಲಿ ಮೊದಲು ಕಾಸಿನೇಟು ತಿಂದ ರೋರಿ ಸ್ಟಾರ್ಮನು ಲೋಕಪ್ರಸಿದ್ಧಿಯನ್ನು ಕಾಣದೆ, 1972ರಲ್ಲಿ, 34ನೆಯ ವಯಸ್ಸಿನಲ್ಲಿ, ಲಿವರ್‌ಪೂಲಿನಲ್ಲಿಯೇ ತೀರಿಕೊಂಡನು.

ಖ್ಯಾತಿಯು ಸಾಲವನ್ನು ತೀರಿಸಲಿಲ್ಲ. 1966ರ ಫೆಬ್ರವರಿಯಲ್ಲಿ ಶಾಲೆಗೆ ಬೀಗ ಬಿದ್ದಿತು. ಜುಲೈಯಲ್ಲಿ ಪ್ರಧಾನಮಂತ್ರಿ ಹೆರಾಲ್ಡ್ ವಿಲ್ಸನ್ ಬಂದು ಅದನ್ನು ಮತ್ತೆ ತೆರೆದರು. 1973ರಲ್ಲಿ ನೆಲದಡಿಯ ರೈಲುಮಾರ್ಗಕ್ಕೆ ಗಾಳಿಯಾಡಲು ಬಾವಿಯೊಂದು ಬೇಕೆಂದು ಕಟ್ಟಡವನ್ನು ಕೆಡವಿ, ನೆಲಮಾಳಿಗೆಯನ್ನು ಮಣ್ಣುಕಲ್ಲುಗಳಿಂದ ತುಂಬಿಬಿಟ್ಟರು. ಆ ಬಾವಿಯನ್ನು ಅಲ್ಲಿ ತೋಡಲೇ ಇಲ್ಲ. 1984ರಲ್ಲಿ, ಹಳೆಯ ಇಟ್ಟಿಗೆಗಳಲ್ಲಿ ಸಾವಿರಾರನ್ನು ಮತ್ತೆ ಬಳಸಿ, ಅದೇ ಬೀದಿಯಲ್ಲಿ, ಬಹುಮಟ್ಟಿಗೆ ಅದೇ ನೆಲದಲ್ಲಿ, ಹಿಂದಿನದಕ್ಕಿಂತಲೂ ಹೆಚ್ಚು ಆಳವಾಗಿ, ಹೊಸ ಕ್ಯಾವರ್ನನ್ನು ಕಟ್ಟಿದರು.